ಹತ್ತನೇ ತರಗತಿಯ ಜೀವಶಾಸ್ತ್ರ: ಪುಸ್ತಕ ಮುಚ್ಚಿಟ್ಟು ರಿವಿಷನ್ ಮಾಡುವ ಬಗೆ

ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ವಿಜ್ಞಾನದಲ್ಲಿ ಅಂಕ ಎಲ್ಲಿ ಹೋಗಿದೆ ಎಂದು ನೋಡಿ. ಭೌತಶಾಸ್ತ್ರದಲ್ಲಿ ಹೋದರೆ ಒಂದೇ ಕಡೆ ಹೋಗಿರುತ್ತದೆ: ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಕಿರಣಚಿತ್ರ ತಪ್ಪಿರುತ್ತದೆ. ಜೀವಶಾಸ್ತ್ರದಲ್ಲಿ ಇಲ್ಲಿ ಅರ್ಧ, ಅಲ್ಲಿ ಒಂದು ಎಂದು ಹನಿಹನಿಯಾಗಿ ಸೋರಿರುತ್ತದೆ. ಓದಿದ್ದೆ, ಗೊತ್ತಿತ್ತು, ಬರೆದೂ ಇದ್ದೆ, ಆದರೂ ಅಂಕ ಇಲ್ಲ ಎನ್ನುವ ದೂರು ಹುಟ್ಟುವುದು ಇಲ್ಲೇ. ಕಾರಣ ಬಹುಪಾಲು ಒಂದೇ. ಭಾಗಗಳ ಹೆಸರು ಗೊತ್ತಿರುತ್ತದೆ. ಒಂದಾದ ಮೇಲೆ ಇನ್ನೊಂದು ಯಾವುದು, ಏಕೆ ಎನ್ನುವುದು ಗೊತ್ತಿರುವುದಿಲ್ಲ. ಮೆಜೆಸ್ಟಿಕ್‌ನಿಂದ ಬನಶಂಕರಿಗೆ ದಿನಾ ಕಿಟಕಿ ಪಕ್ಕ ಕೂತು ಹೋಗುವವರಿಗೆ ಎಲ್ಲ ಸ್ಟಾಪೂ ನೋಡಿದರೆ ಗುರುತು ಸಿಗುತ್ತದೆ. ಕಣ್ಣು ಮುಚ್ಚಿ ಸಾಲಾಗಿ ಹೇಳಿ ಅಂದರೆ ಮೂರನೆಯದಕ್ಕೇ ತಡವರಿಸುತ್ತಾರೆ. ಗೆರೆ ಎಳೆಯುತ್ತಾ ಪಾಠವನ್ನು ನಾಲ್ಕು ಸಲ ಓದುವುದೂ ಹಾಗೇ, ಕಿಟಕಿ ಪಕ್ಕದ ಪ್ರಯಾಣ.

ಆದ್ದರಿಂದ ಇಲ್ಲಿ ಹೇಳುವ ರಿವಿಷನ್ ಪೂರ್ತಿ ಒಂದೇ ಕೆಲಸದ ಮೇಲೆ ನಿಂತಿದೆ: ಒಂದು ವಸ್ತುವನ್ನು ಹಿಡಿದುಕೊಂಡು ಅದರ ದಾರಿಯನ್ನು ಮೊದಲಿಂದ ಕೊನೆಯವರೆಗೆ ಖಾಲಿ ಹಾಳೆಯ ಮೇಲೆ ಬರೆಯುವುದು. ಒಂದು ತುತ್ತು ಅನ್ನ, ಒಂದು ತೊಟ್ಟು ರಕ್ತ, ಬೇರಿನ ಬಳಿಯ ಒಂದು ಹನಿ ನೀರು, ಒಂದು ಪರಾಗರೇಣು. ಈ ನಾಲ್ಕು ದಾರಿ ಗಟ್ಟಿಯಾದರೆ ‘ಜೀವಕ್ರಿಯೆಗಳು’ ಅಧ್ಯಾಯ ಪೂರ್ತಿಯೂ ಸಂತಾನೋತ್ಪತ್ತಿಯ ಅರ್ಧವೂ ಮುಗಿದಂತೆ.

ಬೇಕಾದದ್ದು ಕಡಿಮೆ. ಗೆರೆ ಇಲ್ಲದ ಎ4 ಹಾಳೆ ಮೂವತ್ತು, ಒಂದು ಎಚ್‌ಬಿ ಪೆನ್ಸಿಲ್, ರಬ್ಬರ್, ಸ್ಕೇಲ್, ಒಂದು ಕೆಂಪು ಪೆನ್ನು, ಸರ್ಕಾರಿ ಪಠ್ಯಪುಸ್ತಕ. ಗೈಡ್ ಬೇಡ ಎನ್ನುವುದಕ್ಕೆ ಕಾರಣವಿದೆ: ಗೈಡಿನಲ್ಲಿ ಉತ್ತರ ಸಿದ್ಧವಾಗಿ ಸಿಗುತ್ತದೆ, ಚಿತ್ರ ಮಾತ್ರ ಅಂಚೆಚೀಟಿಯಷ್ಟು ಚಿಕ್ಕದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳೂ ಮಾದರಿ ಉತ್ತರಗಳೂ ಸಿಗುತ್ತವೆ. ಮಾದರಿ ಉತ್ತರವನ್ನು ಖಂಡಿತ ಪ್ರಿಂಟ್ ತೆಗೆಸಿ. ಯಾವ ಅಂಶಕ್ಕೆ ಅರ್ಧ, ಯಾವುದಕ್ಕೆ ಒಂದು ಅಂಕ ಎಂದು ಅದರಲ್ಲಿ ಬಿಡಿಸಿರುತ್ತಾರೆ. ನಿಮ್ಮ ಉತ್ತರವನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ.

ಒಂದು ಸಿಟ್ಟಿಂಗ್ ಎಂದರೆ ಐವತ್ತು ನಿಮಿಷ

ಮೊದಲ 20 ನಿಮಿಷ ಪಠ್ಯಪುಸ್ತಕದ ನಾಲ್ಕೈದು ಪುಟ ಓದಿ. ಪೆನ್ನು ಮುಟ್ಟಬೇಡಿ, ಗೆರೆ ಎಳೆಯಬೇಡಿ. ಪುಸ್ತಕ ಮುಚ್ಚಿ, ಬೇರೆ ಕೋಣೆಯಲ್ಲಿ ಇಟ್ಟುಬಂದರೆ ಇನ್ನೂ ಒಳ್ಳೆಯದು. ಮುಂದಿನ 15 ನಿಮಿಷ ಖಾಲಿ ಹಾಳೆಯಲ್ಲಿ ದಾರಿ ಬರೆಯಿರಿ: ಅಂಗದ ಹೆಸರು, ಬಾಣ, ಅಲ್ಲಿ ಏನಾಗುತ್ತದೆ, ಮತ್ತೆ ಬಾಣ. ನೆನಪಾಗದ ಕಡೆ ಜಾಗ ಬಿಟ್ಟು ಮುಂದೆ ಹೋಗಿ, ಇಣುಕಬೇಡಿ. ಕೊನೆಯ 15 ನಿಮಿಷ ಪುಸ್ತಕ ತೆರೆದು ತಪ್ಪಿದ್ದನ್ನು, ಬಿಟ್ಟದ್ದನ್ನು ಕೆಂಪಿನಲ್ಲಿ ತುಂಬಿ.

ಮರುದಿನ ಓದಬೇಕಾದದ್ದು ಆ ಕೆಂಪನ್ನು ಮಾತ್ರ. ನಾಲ್ಕನೆಯ ದಿನ ಅದೇ ವಿಷಯವನ್ನು ಹೊಸ ಹಾಳೆಯಲ್ಲಿ ಮತ್ತೆ ಬರೆಯಿರಿ, ಹತ್ತನೆಯ ದಿನ ಇನ್ನೊಮ್ಮೆ. ಮೂರನೆಯ ಹಾಳೆಯಲ್ಲೂ ಅದೇ ಜಾಗದಲ್ಲಿ ಕೆಂಪು ಬಿದ್ದರೆ ಅದು ಮರೆವಲ್ಲ, ಅರ್ಥವಾಗಿಲ್ಲ ಎಂದು ಲೆಕ್ಕ. ಆ ಹಾಳೆ ಹಿಡಿದುಕೊಂಡು ಮೇಷ್ಟ್ರನ್ನೋ ಮಿಸ್ಸನ್ನೋ ಕೇಳಿ. ‘ಹೃದಯದ ಪಾಠ ಅರ್ಥವಾಗಿಲ್ಲ ಸಾರ್’ ಎಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕು ತಿಳಿಯದು. ‘ಶ್ವಾಸಕೋಶದಿಂದ ಬಂದ ರಕ್ತ ಎಡಕ್ಕೇ ಯಾಕೆ ಬರುತ್ತೆ ಸಾರ್’ ಎಂದು ಬೆರಳಿಟ್ಟು ಕೇಳಿದರೆ ಎರಡು ನಿಮಿಷದಲ್ಲಿ ಬಗೆಹರಿಯುತ್ತದೆ.

ಪರೀಕ್ಷೆಗೆ ಮೂರು ವಾರ ಇದೆ ಎಂದಿಟ್ಟುಕೊಂಡರೆ ಜೀವಕ್ರಿಯೆಗಳಿಗೆ ನಾಲ್ಕು ಸಿಟ್ಟಿಂಗ್, ನಿಯಂತ್ರಣ ಮತ್ತು ಸಹಭಾಗಿತ್ವಕ್ಕೆ ಎರಡು, ಸಂತಾನೋತ್ಪತ್ತಿಗೆ ಎರಡು, ಅನುವಂಶೀಯತೆಗೆ ಒಂದೂವರೆ, ನಮ್ಮ ಪರಿಸರಕ್ಕೆ ಒಂದು. ಅಧ್ಯಾಯಕ್ಕೊಂದು ದಿನ ಎಂದು ಸಮನಾಗಿ ಹಂಚುವುದು ನೋಡಲು ಚೆಂದ, ಆದರೆ ಮೊದಲ ಅಧ್ಯಾಯವೊಂದೇ ಉಳಿದ ಎರಡು ಅಧ್ಯಾಯಗಳಷ್ಟು ತೂಕದ್ದು.

ಒಂದು ತುತ್ತು ಅನ್ನ

ಬಾಯಿಂದ ಶುರು. ಲಾಲಾರಸದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಅನ್ನನಾಳದಲ್ಲಿ ಜೀರ್ಣ ಏನೂ ಇಲ್ಲ, ಗೋಡೆಯ ಸ್ನಾಯು ಅಲೆಯಂತೆ ಹಿಂಡಿ ಮುಂದೆ ತಳ್ಳುತ್ತದೆ. ಜಠರದಲ್ಲಿ ಮೂರು ವಸ್ತು: ಹೈಡ್ರೋಕ್ಲೋರಿಕ್ ಆಮ್ಲ, ಪೆಪ್ಸಿನ್, ಲೋಳೆ. ಮೂರಕ್ಕೂ ಮೂರು ಕೆಲಸ. ಆಮ್ಲವು ಪೆಪ್ಸಿನ್‌ಗೆ ಬೇಕಾದ ಆಮ್ಲೀಯ ಮಾಧ್ಯಮ ಒದಗಿಸುತ್ತದೆ, ಪೆಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ, ಲೋಳೆ ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುತ್ತದೆ. ‘ಜಠರದಲ್ಲಿ ಆಹಾರ ಜೀರ್ಣವಾಗುತ್ತದೆ’ ಎಂದಷ್ಟೇ ಬರೆದ ಉತ್ತರಕ್ಕೆ ಅಂಕ ಬರದಿರುವುದು ಈ ಮೂರೂ ಇಲ್ಲದ್ದಕ್ಕೆ.

ಮುಂದೆ ಸಣ್ಣಕರುಳು. ಇಲ್ಲಿ ಹೆಚ್ಚಿನವರು ಎಡವುವ ಜಾಗ ಪಿತ್ತರಸ. ಅದರಲ್ಲಿ ಜೀರ್ಣಿಸುವ ಕಿಣ್ವ ಇಲ್ಲ. ಜಠರದಿಂದ ಬಂದ ಆಮ್ಲೀಯ ಆಹಾರವನ್ನು ಪ್ರತ್ಯಾಮ್ಲೀಯಗೊಳಿಸುವುದು, ಕೊಬ್ಬಿನ ದೊಡ್ಡ ಗೋಲಗಳನ್ನು ಚಿಕ್ಕ ಹನಿಗಳಾಗಿ ಒಡೆಯುವುದು, ಇವೆರಡೇ ಅದರ ಕೆಲಸ. ಎಣ್ಣೆ ಜಿಡ್ಡಿನ ಬಾಣಲೆಗೆ ಸೋಪಿನ ನೀರು ಹಾಕಿದಾಗ ಆಗುವುದೂ ಇದೇ. ಕೊಬ್ಬನ್ನು ನಿಜವಾಗಿ ಜೀರ್ಣಿಸುವುದು ಮೇದೋಜ್ಜೀರಕ ರಸದ ಲೈಪೇಸ್. ಪ್ರೋಟೀನಿಗೆ ಅದೇ ರಸದ ಟ್ರಿಪ್ಸಿನ್. ಪಿತ್ತರಸ ತಯಾರಾಗುವುದು ಪಿತ್ತಜನಕಾಂಗದಲ್ಲಿ, ಶೇಖರವಾಗುವುದು ಪಿತ್ತಕೋಶದಲ್ಲಿ. ‘ಪಿತ್ತಕೋಶ ಸ್ರವಿಸುತ್ತದೆ’ ಎಂದು ಬರೆಯುವುದು ಪ್ರತಿವರ್ಷದ ತಪ್ಪು. ಕೊನೆಗೆ ಕರುಳಿನ ಗೋಡೆಯ ಗ್ರಂಥಿಗಳ ರಸ ಕೆಲಸ ಪೂರೈಸುತ್ತದೆ: ಪ್ರೋಟೀನು ಅಮೈನೋ ಆಮ್ಲವಾಗಿ, ಪಿಷ್ಟ ಗ್ಲೂಕೋಸಾಗಿ, ಕೊಬ್ಬು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ. ಹೀರಿಕೆ ವಿಲ್ಲೈಗಳಿಂದ, ಅಂದರೆ ಕರುಳಿನ ಒಳಗೋಡೆಯ ಬೆರಳಿನಂಥ ಚಾಚುಗಳಿಂದ. ವಿಲ್ಲೈ ಎಂದು ಬರೆದ ಕೂಡಲೇ ‘ಹೀರಿಕೆಯ ಮೇಲ್ಮೈ ಹೆಚ್ಚಿಸುತ್ತವೆ’ ಮತ್ತು ‘ರಕ್ತನಾಳಗಳು ಹೇರಳ’ ಎಂಬ ಎರಡೂ ಮಾತು ಬರಬೇಕು.

ಅಮೈಲೇಸ್ ಅನ್ನು ಕಣ್ಣಾರೆ ನೋಡಲು ಅಡುಗೆಮನೆ ಸಾಕು. ಆರಿದ ಅನ್ನದ ಗಂಜಿ ಒಂದು ಚಮಚವನ್ನು ಅರ್ಧ ಲೋಟ ನೀರಿಗೆ ಬೆರೆಸಿ, ಎರಡು ಚಿಕ್ಕ ಬಟ್ಟಲಿಗೆ ಸಮನಾಗಿ ಹಾಕಿ. ಒಂದಕ್ಕೆ ಮಾತ್ರ ಒಂದು ಚಮಚ ಎಂಜಲು ಸೇರಿಸಿ ಕದಡಿ, 20 ನಿಮಿಷ ಬಿಡಿ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಎರಡು ಹನಿಯನ್ನು ಒಂದು ಚಮಚ ನೀರಿಗೆ ಬೆರೆಸಿ, ಅದರಿಂದ ಎರಡೂ ಬಟ್ಟಲಿಗೆ ಒಂದೊಂದು ಹನಿ ಬಿಡಿ. ಬರಿ ಗಂಜಿ ಕಡುನೀಲಿಗೆ ತಿರುಗುತ್ತದೆ; ಎಂಜಲು ಬೆರೆತದ್ದು ಕಂದುಹಳದಿಯಾಗಿಯೇ ಉಳಿಯುತ್ತದೆ, ಇಲ್ಲವೇ ತೀರಾ ಮಸುಕಾದ ನೀಲಿ ಬರುತ್ತದೆ. ಎರಡೂ ಕಡುನೀಲಿಯಾದರೆ ಗಂಜಿ ತುಂಬ ಗಟ್ಟಿಯಿತ್ತು, ಅಥವಾ ಬಿಸಿಯಿತ್ತು ಎಂದರ್ಥ. ಬಿಸಿಗೆ ಕಿಣ್ವ ಕೆಡುತ್ತದೆ. ಆಮೇಲೆ ಎರಡನ್ನೂ ಸಿಂಕಿಗೆ ಚೆಲ್ಲಿ ಬಟ್ಟಲು ತೊಳೆಯಿರಿ.

ಒಂದು ತೊಟ್ಟು ರಕ್ತ, ಒಂದು ಕುರಿಯ ಗುಂಡಿಗೆ

ಹೃದಯದ ಚಿತ್ರ ಬರೆಯಲು ಬಾರದವರಿಗಿಂತ ಎಡಬಲ ಅದಲುಬದಲು ಮಾಡುವವರೇ ಹೆಚ್ಚು. ಪುಸ್ತಕದ ಚಿತ್ರದಲ್ಲಿರುವ ಹೃದಯ ನಿಮ್ಮ ಎದುರು ನಿಂತವರದ್ದು. ಅವರ ಎಡ ನಿಮ್ಮ ಹಾಳೆಯ ಬಲಕ್ಕೆ ಬರುತ್ತದೆ. ಚಿತ್ರ ಶುರುಮಾಡುವ ಮೊದಲೇ ಹಾಳೆಯ ಎಡ ತುದಿಯಲ್ಲಿ ಪೆನ್ಸಿಲಿನಿಂದ ತೆಳ್ಳಗೆ ‘ಬಲ’ ಎಂದೂ ಬಲ ತುದಿಯಲ್ಲಿ ‘ಎಡ’ ಎಂದೂ ಬರೆದುಕೊಳ್ಳಿ, ಮುಗಿದ ಮೇಲೆ ಅಳಿಸಿ.

ಬರೆಯುವ ಕ್ರಮ ಹೀಗಿರಲಿ. ಮೊದಲು ಮುಷ್ಟಿಯಷ್ಟು ದೊಡ್ಡ ಹೊರರೇಖೆ, ತುದಿ ಸ್ವಲ್ಪ ಹಾಳೆಯ ಬಲಕ್ಕೆ ಓರೆ. ನಂತರ ನಡುವಿನ ಗೋಡೆ. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ, ನಡುವೆ ಕವಾಟ. ಎಡ ಹೃತ್ಕುಕ್ಷಿಯ ಗೋಡೆಯನ್ನು ಬಲದ್ದಕ್ಕಿಂತ ಕಣ್ಣಿಗೆ ಕಾಣುವಷ್ಟು ದಪ್ಪ ಮಾಡಿ. ನಾಳಗಳು ಕೊನೆಗೆ: ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ, ಬಲ ಹೃತ್ಕುಕ್ಷಿಯಿಂದ ಪುಪ್ಪುಸಕ ಅಪಧಮನಿ, ಬಲ ಹೃತ್ಕರ್ಣಕ್ಕೆ ಮಹಾಭಿಧಮನಿಗಳು, ಎಡ ಹೃತ್ಕರ್ಣಕ್ಕೆ ಪುಪ್ಪುಸಕ ಅಭಿಧಮನಿಗಳು. ನಾಳಗಳಿಂದ ಶುರುಮಾಡಿದವರ ಚಿತ್ರದಲ್ಲಿ ಕೋಣೆಗಳಿಗೆ ಜಾಗವೇ ಸಿಗುವುದಿಲ್ಲ. ಆರು ನಿಮಿಷದಲ್ಲಿ ಮುಗಿಯಬೇಕು. ಮೊದಲ ದಿನ ಹದಿನೈದು ಹಿಡಿದರೆ ಗಾಬರಿ ಬೇಡ.

ಮನೆಯಲ್ಲಿ ಮಾಂಸ ತರುವ ರೂಢಿ ಇದ್ದರೆ ಮಟನ್ ಅಂಗಡಿಯಲ್ಲಿ ಒಂದು ಕುರಿಯ ಗುಂಡಿಗೆ ಕೇಳಿ, ‘ಕಟ್ ಮಾಡಬೇಡಿ, ಇಡಿಯಾಗಿ ಕೊಡಿ’ ಎನ್ನಲು ಮರೆಯಬೇಡಿ. ನಮ್ಮ ಹೃದಯದಂತೆ ಅದಕ್ಕೂ ನಾಲ್ಕು ಕೋಣೆ. ತೊಳೆದು ಅಂಗೈ ಮೇಲಿಟ್ಟು ಎರಡೂ ಬದಿ ಹೆಬ್ಬೆರಳಿನಿಂದ ಒತ್ತಿ. ಒಂದು ಬದಿ ಮೆತ್ತಗೆ ಒಳಕ್ಕೆ ಹೋಗುತ್ತದೆ, ಇನ್ನೊಂದು ಬಿಗಿಯಾಗಿ ತಡೆಯುತ್ತದೆ. ಬಿಗಿಯಾದದ್ದು ಎಡ. ಕೆಳ ಅರ್ಧಭಾಗವನ್ನು ಅಡ್ಡಲಾಗಿ ಕೊಯ್ದರೆ ಎಡಗೋಣೆ ದಪ್ಪ ಗೋಡೆಯ ದುಂಡು ತೂತು, ಬಲಗೋಣೆ ಅದನ್ನು ಅಪ್ಪಿಕೊಂಡ ತೆಳುಗೋಡೆಯ ಅರ್ಧಚಂದ್ರ. ಬಲಗೋಣೆ ರಕ್ತವನ್ನು ಪಕ್ಕದ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು, ಎಡಗೋಣೆ ತಲೆಯಿಂದ ಕಾಲಿನವರೆಗೆ ತಳ್ಳಬೇಕು. ಗೋಡೆ ದಪ್ಪ ಏಕೆ ಎನ್ನುವ ಎರಡು ಅಂಕದ ಪ್ರಶ್ನೆಯನ್ನು ಹೀಗೆ ಬೆರಳಲ್ಲಿ ಒತ್ತಿ ನೋಡಿದವರು ಮರೆಯುವುದಿಲ್ಲ.

ಅಪಧಮನಿ ಎಂದರೆ ಶುದ್ಧ ರಕ್ತ, ಅಭಿಧಮನಿ ಎಂದರೆ ಅಶುದ್ಧ ರಕ್ತ ಎಂದು ಉರುಹೊಡೆದವರು ಪುಪ್ಪುಸಕ ಅಪಧಮನಿ ಬಂದಾಗ ಸಿಕ್ಕಿಬೀಳುತ್ತಾರೆ. ಹೆಸರು ನಿಂತಿರುವುದು ದಿಕ್ಕಿನ ಮೇಲೆ: ಹೃದಯದಿಂದ ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ‘ಶುದ್ಧ, ಅಶುದ್ಧ’ ಪದಗಳನ್ನೇ ಬಿಟ್ಟು ‘ಆಮ್ಲಜನಕಸಹಿತ, ಆಮ್ಲಜನಕರಹಿತ’ ಎಂದು ಬರೆಯುವ ಅಭ್ಯಾಸ ಮಾಡಿ. ಇಮ್ಮಡಿ ಪರಿಚಲನೆಯ ವಿವರಣೆಗೆ ‘ಒಂದು ಸುತ್ತಿನಲ್ಲಿ ರಕ್ತ ಹೃದಯದ ಮೂಲಕ ಎರಡು ಸಲ ಹಾಯುತ್ತದೆ’ ಎಂಬ ವಾಕ್ಯ ಬೇಕೇ ಬೇಕು. ಸಾಮಾನ್ಯ ರಕ್ತದೊತ್ತಡ 120/80 ಮಿ.ಮೀ. ಪಾದರಸ, ಮೇಲಿನ ಅಂಕಿ ಹೃತ್ಕುಕ್ಷಿ ಸಂಕುಚಿಸಿದಾಗಿನದು, ಕೆಳಗಿನದು ಸಡಿಲಗೊಂಡಾಗಿನದು.

ಉಸಿರಾಟದಲ್ಲಿ ಹಿಡಿಯಬೇಕಾದದ್ದು ಗ್ಲೂಕೋಸಿನ ಕವಲುದಾರಿ. ಆರು ಇಂಗಾಲದ ಗ್ಲೂಕೋಸ್ ಕೋಶದ್ರವ್ಯದಲ್ಲಿ ಮೂರು ಇಂಗಾಲದ ಪೈರುವೇಟ್ ಆಗುವವರೆಗೆ ದಾರಿ ಒಂದೇ. ಅಲ್ಲಿಂದ ಮೂರು ಕವಲು: ಆಮ್ಲಜನಕವಿಲ್ಲದೆ ಯೀಸ್ಟಿನಲ್ಲಿ ಎಥೆನಾಲ್ ಮತ್ತು ಇಂಗಾಲದ ಡೈಆಕ್ಸೈಡ್, ಆಮ್ಲಜನಕ ಸಾಲದಾದ ನಮ್ಮ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ, ಆಮ್ಲಜನಕ ಇದ್ದಾಗ ಮೈಟೊಕಾಂಡ್ರಿಯಾದಲ್ಲಿ ಇಂಗಾಲದ ಡೈಆಕ್ಸೈಡ್, ನೀರು ಮತ್ತು ಹೆಚ್ಚು ಶಕ್ತಿ. ಯೀಸ್ಟಿಗೆ ಉದಾಹರಣೆಯಾಗಿ ಇಡ್ಲಿ ಹಿಟ್ಟು ಬರೆಯಬೇಡಿ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಬ್ರೆಡ್ ಎಂದು ಬರೆದರೆ ತಕರಾರಿಲ್ಲ.

ಮೂತ್ರಪಿಂಡಕ್ಕೆ ಒಂದೇ ಸಾಲು ಸಾಕು, ಆದರೆ ಕ್ರಮ ತಪ್ಪಬಾರದು: ರಕ್ತನಾಳಗಳ ಗೊಂಚಲಾದ ಗ್ಲೋಮೆರುಲಸ್‌ನಲ್ಲಿ ಸೋಸುವಿಕೆ, ಬೌಮನ್ನನ ಕೋಶದಲ್ಲಿ ಸಂಗ್ರಹ, ನಾಳದುದ್ದಕ್ಕೂ ಗ್ಲೂಕೋಸ್, ಅಮೈನೋ ಆಮ್ಲ, ಲವಣ ಮತ್ತು ಬಹುಪಾಲು ನೀರಿನ ಮರುಹೀರಿಕೆ, ಉಳಿದದ್ದು ಸಂಗ್ರಾಹಕ ನಾಳಕ್ಕೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಹೊರಹೋಗುವುದು ಒಂದೆರಡು ಲೀಟರ್. ಮರುಹೀರಿಕೆ ಬಿಟ್ಟುಹೋದ ಉತ್ತರಕ್ಕೆ ಈ ಎರಡು ಅಂಕಿಗಳನ್ನು ಹೊಂದಿಸಿ ನೋಡಿ, ತಪ್ಪು ಎಲ್ಲಿದೆ ಎಂದು ತಾನೇ ಹೊಳೆಯುತ್ತದೆ.

ಗಿಡದೊಳಗೆ ಮೇಲೇರುವ ನೀರು

ಬೇರುರೋಮ, ಬೇರಿನ ಕ್ಸೈಲಂ, ಕಾಂಡದ ಕ್ಸೈಲಂ, ಎಲೆಯ ನಾಳ, ಪತ್ರರಂಧ್ರ. ಹಗಲಿನಲ್ಲಿ ನೀರನ್ನು ಮೇಲೆಳೆಯುವ ಮುಖ್ಯ ಬಲ ಬಾಷ್ಪವಿಸರ್ಜನೆಯ ಸೆಳೆತ, ರಾತ್ರಿ ಬೇರಿನೊತ್ತಡದ ಪಾತ್ರ ದೊಡ್ಡದು. ಇದನ್ನು ನೋಡಲು ಕರ್ಣಕುಂಡಲದ ದಂಟು ಹೇಳಿಮಾಡಿಸಿದ್ದು, ಗಾಜಿನಂತೆ ಅರೆಪಾರದರ್ಶಕ. ದಂಟನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಕೆಂಪು ಇಂಕು ಬೆರೆಸಿದ ನೀರಿಗೆ ಕೂಡಲೇ ಇಳಿಸಿ, ಫ್ಯಾನಿನ ಗಾಳಿಗೆ ಇಡಿ. ಒಂದೆರಡು ಗಂಟೆಯಲ್ಲಿ ಕೆಂಪು ಗೆರೆಗಳು ಮೇಲೇರಿರುತ್ತವೆ. ಅಡ್ಡಲಾಗಿ ಕೊಯ್ದರೆ ಕೆಂಪು ಚುಕ್ಕೆಗಳು ಕಾಣುತ್ತವೆ, ಅವೇ ಕ್ಸೈಲಂ. ಗಾಳಿಯಲ್ಲಿ ಕತ್ತರಿಸಿದರೆ ನಾಳದೊಳಗೆ ಗುಳ್ಳೆ ಹೊಕ್ಕು ಇಂಕು ಏರದೇ ನಿಲ್ಲಬಹುದು. ಕರ್ಣಕುಂಡಲ ಸಿಗದಿದ್ದರೆ ಬಿಳಿ ಸೇವಂತಿಗೆ ತನ್ನಿ. ಅದರಲ್ಲಿ ದಳದ ಅಂಚಿಗೆ ಬಣ್ಣ ಬರಲು ಒಂದು ರಾತ್ರಿ ಬೇಕು.

ಕ್ಸೈಲಂ ಮತ್ತು ಫ್ಲೋಯಂ ವ್ಯತ್ಯಾಸ ಕೇಳಿದಾಗ ಒಂದೇ ಅಂಶವನ್ನು ಎರಡೂ ಕಡೆ ಎದುರುಬದುರು ಬರೆಯಬೇಕು. ‘ಕ್ಸೈಲಂ ನೀರು ಸಾಗಿಸುತ್ತದೆ’ ಎಂಬುದರ ಎದುರಿಗೆ ‘ಫ್ಲೋಯಂನಲ್ಲಿ ಜೀವಂತ ಕೋಶಗಳಿವೆ’ ಎಂದರೆ ಅದು ವ್ಯತ್ಯಾಸವಲ್ಲ, ಎರಡು ಬೇರೆ ಸಂಗತಿ. ಏನನ್ನು ಸಾಗಿಸುತ್ತದೆ, ಯಾವ ದಿಕ್ಕಿಗೆ, ಎಟಿಪಿ (ಕೋಶ ಶಕ್ತಿಗೆ ಬಳಸುವ ಅಣು) ಶಕ್ತಿ ಬೇಕೇ ಬೇಡವೇ ಎಂಬ ಮೂರು ಪ್ರಶ್ನೆಯನ್ನು ಎರಡಕ್ಕೂ ಕೇಳಿ. ಕ್ಸೈಲಂನಲ್ಲಿ ನೀರು ಮತ್ತು ಲವಣ, ಮೇಲ್ಮುಖ, ಎಟಿಪಿ ಬೇಡ. ಫ್ಲೋಯಂನಲ್ಲಿ ತಯಾರಾದ ಆಹಾರ, ಮೇಲಕ್ಕೂ ಕೆಳಕ್ಕೂ, ಎಟಿಪಿ ಬೇಕು.

ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಬೇಕು ಎಂದು ತೋರಿಸುವ ಪ್ರಯೋಗದಲ್ಲಿ ಪ್ರಶ್ನೆ ಬರುವುದು ಹಂತಗಳ ಮೇಲಲ್ಲ, ಹಂತದ ಕಾರಣದ ಮೇಲೆ. ಬಿಳಿ ಮಚ್ಚೆಯ ಮನಿಪ್ಲಾಂಟ್ ಅಥವಾ ಕ್ರೋಟನ್ ಕುಂಡವನ್ನು ಮೂರು ದಿನ ಕತ್ತಲಲ್ಲಿ ಇಡುವುದು ಎಲೆಯಲ್ಲಿ ಮೊದಲೇ ಇದ್ದ ಪಿಷ್ಟ ಖಾಲಿಯಾಗಲಿ ಎಂದು. ಆರು ಗಂಟೆ ಬಿಸಿಲು ಹೊಸ ಪಿಷ್ಟ ತಯಾರಾಗಲಿ ಎಂದು. ಎಲೆಯ ಹಸಿರು ಭಾಗದ ನಕ್ಷೆ ಎಳೆದುಕೊಂಡು, ಕುದಿಯುವ ನೀರಿನಲ್ಲಿ ಅದ್ದಿ, ಆಲ್ಕೊಹಾಲಿನಲ್ಲಿ ಕಾಯಿಸುವುದು ಹಸಿರು ಬಣ್ಣ ಹೋಗಲಿ ಎಂದು. ಹಸಿರು ಉಳಿದರೆ ಅಯೋಡಿನ್ನಿನ ನೀಲಿ ಕಾಣದು. ಆಲ್ಕೊಹಾಲನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇಡುವುದು ಅದಕ್ಕೆ ಥಟ್ಟನೆ ಬೆಂಕಿ ಹತ್ತುತ್ತದೆ ಎಂದು. ಈ ಹಂತ ಶಾಲೆಯ ಲ್ಯಾಬಿನಲ್ಲಿ ಮಾತ್ರ, ಮನೆಯ ಗ್ಯಾಸ್ ಒಲೆಯ ಹತ್ತಿರ ಖಂಡಿತ ಬೇಡ.

ಹಗಲು ಗಿಡ ದ್ಯುತಿಸಂಶ್ಲೇಷಣೆ ನಡೆಸುತ್ತದೆ, ರಾತ್ರಿ ಉಸಿರಾಡುತ್ತದೆ ಎಂದು ಬರೆಯುವವರು ಇನ್ನೂ ಇದ್ದಾರೆ. ಉಸಿರಾಟ ಇಪ್ಪತ್ತನಾಲ್ಕು ಗಂಟೆಯೂ ನಡೆಯುತ್ತದೆ. ಹಗಲಿನಲ್ಲಿ ಅದರಿಂದ ಬಂದ ಇಂಗಾಲದ ಡೈಆಕ್ಸೈಡ್ ದ್ಯುತಿಸಂಶ್ಲೇಷಣೆಗೇ ಬಳಕೆಯಾಗುವುದರಿಂದ ಹೊರಗೆ ಆಮ್ಲಜನಕ ಮಾತ್ರ ಕಾಣುತ್ತದೆ. ಪತ್ರರಂಧ್ರದ ಚಿತ್ರದಲ್ಲಿ ತೆರೆದದ್ದು, ಮುಚ್ಚಿದ್ದು ಎರಡನ್ನೂ ಅಭ್ಯಾಸ ಮಾಡಿ: ಕಾವಲು ಕೋಶಗಳಿಗೆ ನೀರು ಹೊಕ್ಕು ಉಬ್ಬಿದಾಗ ರಂಧ್ರ ತೆರೆಯುತ್ತದೆ, ನೀರು ಹೋಗಿ ಸೊರಗಿದಾಗ ಮುಚ್ಚುತ್ತದೆ. ಉಬ್ಬಿದರೆ ಮುಚ್ಚಬೇಕಲ್ಲ ಎಂದು ಅನಿಸುವುದು ಸಹಜ. ಕಾವಲು ಕೋಶದ ಒಳಬದಿಯ ಗೋಡೆ ದಪ್ಪ, ಹೊರಬದಿಯದು ತೆಳು. ಹೊರಬದಿ ಹಿಗ್ಗಿದಾಗ ಒಳಬದಿ ಬಿಲ್ಲಿನಂತೆ ಬಾಗುತ್ತದೆ.

ಕಿಟಕಿಯ ಕಡೆ ಬಾಗಿದ ಗಿಡದ ಪ್ರಶ್ನೆಯಲ್ಲಿ ಆಕ್ಸಿನ್ ಎಂಬ ಸಸ್ಯ ಹಾರ್ಮೋನು ಎಲ್ಲಿ ಸೇರುತ್ತದೆ ಎನ್ನುವುದಕ್ಕೇ ಅಂಕ. ಅದು ಬೆಳಕಿನ ಬದಿಗಲ್ಲ, ನೆರಳಿನ ಬದಿಗೆ ಸರಿಯುತ್ತದೆ. ಅಲ್ಲಿನ ಕೋಶಗಳು ಉದ್ದವಾಗುತ್ತವೆ, ಕಾಂಡ ಬೆಳಕಿನತ್ತ ಬಾಗುತ್ತದೆ. ಮುಟ್ಟಿದರೆ ಮುನಿ ಎಲೆ ಮಡಚುವುದು ಬೆಳವಣಿಗೆಯಿಂದಲ್ಲ, ಕೋಶಗಳಲ್ಲಿ ನೀರಿನ ಪ್ರಮಾಣ ಬದಲಾಗುವುದರಿಂದ. ಈ ಎರಡನ್ನು ಹೋಲಿಸಿ ಕೇಳುವುದು ಪ್ರಶ್ನೆಪತ್ರಿಕೆಯವರ ಅಚ್ಚುಮೆಚ್ಚು.

ನರ ಮತ್ತು ಹಾರ್ಮೋನು

ಬಿಸಿ ಕಾವಲಿ ಮುಟ್ಟಿ ಕೈ ಹಿಂದೆಗೆದುಕೊಳ್ಳುವ ದಾರಿ: ಚರ್ಮದ ಗ್ರಾಹಕ, ಜ್ಞಾನವಾಹಿ ನರಕೋಶ, ಮೆದುಳುಬಳ್ಳಿ, ಕ್ರಿಯಾವಾಹಿ ನರಕೋಶ, ತೋಳಿನ ಸ್ನಾಯು. ಇದರ ನಡುವೆ ಮೆದುಳನ್ನು ತುರುಕಬೇಡಿ. ಸುದ್ದಿ ಮೆದುಳಿಗೂ ಹೋಗುತ್ತದೆ, ಆದರೆ ಕೈ ಎಳೆದುಕೊಳ್ಳಲು ಅದರ ಅಪ್ಪಣೆಗೆ ಕಾಯುವುದಿಲ್ಲ. ಮೆದುಳಿನ ಭಾಗಗಳಲ್ಲಿ ಮಹಾಮಸ್ತಿಷ್ಕಕ್ಕೆ ಯೋಚನೆ ಮತ್ತು ಐಚ್ಛಿಕ ಕ್ರಿಯೆ, ಅನುಮಸ್ತಿಷ್ಕಕ್ಕೆ ದೇಹದ ಸಮತೋಲನ ಮತ್ತು ಚಲನೆಯ ನಿಖರತೆ, ಮೆಡುಲಾಕ್ಕೆ ರಕ್ತದೊತ್ತಡ, ಜೊಲ್ಲು, ವಾಂತಿಯಂಥ ಅನೈಚ್ಛಿಕ ಕ್ರಿಯೆ. ಹಾರ್ಮೋನುಗಳಿಗೆ ನಾಲ್ಕು ಕಾಲಂ ಪಟ್ಟಿ ಮಾಡಿ: ಗ್ರಂಥಿ, ಹಾರ್ಮೋನು, ಕೆಲಸ, ಏರುಪೇರಾದರೆ ಏನು. ಅಯೋಡಿನ್‌ಯುಕ್ತ ಉಪ್ಪು ಏಕೆ ಎಂಬ ಪ್ರಶ್ನೆಗೆ ಥೈರಾಕ್ಸಿನ್ ತಯಾರಾಗಲು ಅಯೋಡಿನ್ ಬೇಕು, ಕೊರತೆಯಾದರೆ ಗಳಗಂಡ ಎಂದು ಎರಡೂ ತುದಿ ಮುಟ್ಟಿಸಿ.

ದಾಸವಾಳ, ಅವರೆಕಾಳು

ಹೂವಿನ ಭಾಗ ನೋಡಲು ಒಂದೇ ಸುತ್ತಿನ ಕೆಂಪು ದಾಸವಾಳ ತೆಗೆದುಕೊಳ್ಳಿ. ಮುದ್ದೆ ದಾಸವಾಳ ಬೇಡ, ಅದರ ಕೇಸರಗಳೇ ದಳಗಳಾಗಿರುತ್ತವೆ. ಐದು ದಳ ಬಿಡಿಸಿದರೆ ನಡುವೆ ಒಂದು ಕೊಳವೆ. ಅದರ ಮೈಮೇಲೆ ಹಳದಿ ಚುಕ್ಕೆಗಳಂತೆ ಪರಾಗಕೋಶಗಳು, ತುದಿಯಲ್ಲಿ ಐದು ವೆಲ್ವೆಟ್ ಗುಂಡಿಗಳಂತೆ ಶಲಾಕಾಗ್ರ. ಕೊಳವೆಯನ್ನು ಉಗುರಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ದಾರದಂತಹ ಶಲಾಕಾನಳಿಕೆ. ಬುಡದ ಅಂಡಾಶಯವನ್ನು ಬ್ಲೇಡಿನಿಂದ ಅಡ್ಡ ಕೊಯ್ದರೆ ಐದು ಕೋಣೆ, ಅದರಲ್ಲಿ ಬಿಳಿ ಅಂಡಕಗಳು. ಒಂದು ಎಚ್ಚರಿಕೆ: ದಾಸವಾಳದಲ್ಲಿ ಕೇಸರಗಳು ಕೂಡಿಕೊಂಡಿವೆ, ಪುಸ್ತಕದ ಚಿತ್ರದಲ್ಲಿ ಬಿಡಿಬಿಡಿ. ಪರೀಕ್ಷೆಯಲ್ಲಿ ಪುಸ್ತಕದ್ದನ್ನೇ ಬರೆಯಿರಿ. ಹೂ ಮನೆಯ ಕುಂಡದ್ದೋ ಮಾರ್ಕೆಟ್ಟಿನದೋ ಆಗಿರಲಿ, ಲಾಲ್‌ಬಾಗಿನಲ್ಲಿ ಕೀಳುವಂತಿಲ್ಲ.

ಪರಾಗರೇಣುವಿನ ದಾರಿ: ಪರಾಗಕೋಶ, ಶಲಾಕಾಗ್ರ, ಪರಾಗನಳಿಕೆ ಬೆಳೆದು ಶಲಾಕಾನಳಿಕೆಯ ಮೂಲಕ ಅಂಡಕಕ್ಕೆ, ಅಲ್ಲಿ ನಿಷೇಚನ. ಪರಾಗಸ್ಪರ್ಶವನ್ನೂ ನಿಷೇಚನವನ್ನೂ ಒಂದೇ ಎಂದು ಬರೆದರೆ ಈ ಇಡೀ ದಾರಿಯನ್ನು ನುಂಗಿದಂತೆ. ನಂತರ ಅಂಡಕ ಬೀಜವಾಗುತ್ತದೆ, ಅಂಡಾಶಯ ಹಣ್ಣಾಗುತ್ತದೆ. ಬೀಜದೊಳಗನ್ನು ಬೆಂಗಳೂರಿನ ಮನೆಗಳು ಚಳಿಗಾಲದಲ್ಲಿ ಸೇರುಗಟ್ಟಲೆ ನೋಡಿರುತ್ತವೆ. ಹಿತಕಿದ ಅವರೆಗೆ ನೆನೆಸಿದ ಕಾಳನ್ನು ಹಿಸುಕಿದಾಗ ಸಿಪ್ಪೆ ಜಾರಿ ಬರುವ ಎರಡು ಬೇಳೆಗಳೇ ಬೀಜದಳ, ಅವುಗಳ ನಡುವೆ ಒಂದು ಅಂಚಿನಲ್ಲಿ ಅಂಟಿಕೊಂಡ ಚಿಕ್ಕ ಕೊಕ್ಕಿನಂಥದ್ದು ಮುಂದಿನ ಗಿಡ. ಕೊಕ್ಕಿನ ಚೂಪು ತುದಿ ಪ್ರಥಮ ಮೂಲ, ಬೇಳೆಗಳ ನಡುವೆ ಅಡಗಿದ ಮೆತ್ತನೆಯ ತುದಿ ಪ್ರಥಮ ಕಾಂಡ.

ಮಾನವ ಸಂತಾನೋತ್ಪತ್ತಿಯನ್ನು ‘ನೀವೇ ಓದಿಕೊಳ್ಳಿ’ ಎಂದು ಬಿಟ್ಟ ತರಗತಿಗಳಿವೆ, ಪ್ರಶ್ನೆಪತ್ರಿಕೆ ಮಾತ್ರ ಬಿಡುವುದಿಲ್ಲ. ನಿಷೇಚನ ನಡೆಯುವುದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಭ್ರೂಣ ನೆಲೆಗೊಳ್ಳುವುದು ಗರ್ಭಕೋಶದಲ್ಲಿ. ಜರಾಯುವಿನ ಮೂಲಕ ಗ್ಲೂಕೋಸ್ ಮತ್ತು ಆಮ್ಲಜನಕ ತಾಯಿಯಿಂದ ಭ್ರೂಣಕ್ಕೆ, ತ್ಯಾಜ್ಯ ಭ್ರೂಣದಿಂದ ತಾಯಿಗೆ. ವೃಷಣಗಳು ದೇಹದ ಹೊರಗಿರುವುದು ವೀರ್ಯಾಣು ಉತ್ಪತ್ತಿಗೆ ದೇಹಕ್ಕಿಂತ ಕಡಿಮೆ ಉಷ್ಣತೆ ಬೇಕೆಂದು. ಗರ್ಭನಿರೋಧಕ ವಿಧಾನಗಳಲ್ಲಿ ಲೈಂಗಿಕ ರೋಗದಿಂದಲೂ ರಕ್ಷಣೆ ಕೊಡುವುದು ಕಾಂಡೋಮ್. ಮಾತ್ರೆ, ಕಾಪರ್-ಟಿ ಕೊಡುವುದಿಲ್ಲ.

ಅನುವಂಶೀಯತೆಯಲ್ಲಿ ಚೌಕಪಟ್ಟಿ ತಪ್ಪುವುದು ಒಂದೇ ಜಾಗದಲ್ಲಿ: ಪಟ್ಟಿಯ ಅಂಚಿನಲ್ಲಿ ಜೋಡಿ ಅಕ್ಷರ ಬರೆಯುವುದು. ಅಲ್ಲಿ ಬರಬೇಕಾದದ್ದು ಲಿಂಗಾಣು, ಲಿಂಗಾಣುವಿನಲ್ಲಿ ಜೋಡಿಯ ಒಂದೇ ಅಕ್ಷರ ಇರುತ್ತದೆ. ಎತ್ತರ ಮತ್ತು ಕುಳ್ಳ ಬಟಾಣಿಯ ಎರಡನೆಯ ಪೀಳಿಗೆಯಲ್ಲಿ ನೋಟದ ಅನುಪಾತ 3:1, ಜೀನುಗಳ ಅನುಪಾತ 1:2:1. ಯಾವುದನ್ನು ಕೇಳಿದ್ದಾರೆ ಎಂದು ಪ್ರಶ್ನೆಯನ್ನು ಎರಡು ಸಲ ಓದಿ. ದ್ವಿತಳೀಕರಣದ (ಎರಡು ಗುಣಗಳನ್ನು ಒಟ್ಟಿಗೆ ನೋಡುವ ತಳೀಕರಣ) 9:3:3:1 ಅನ್ನು 16 ಚೌಕ ಎಳೆದು ಒಮ್ಮೆಯಾದರೂ ಕೈಯಾರೆ ಎಣಿಸಿ.

ಉತ್ತರಪತ್ರಿಕೆಯ ಮೇಲೆ

ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕದ್ದು, ಓದಿಕೊಳ್ಳುವ 15 ನಿಮಿಷ ಸೇರಿ 3 ಗಂಟೆ 15 ನಿಮಿಷ. ಜೀವಶಾಸ್ತ್ರದ ಪಾಲು ಹೆಚ್ಚುಕಡಿಮೆ ಮೂರನೆಯ ಒಂದು, ಆದ್ದರಿಂದ ಒಂದು ಗಂಟೆಗಿಂತ ಹೆಚ್ಚು ಕೊಡಬೇಡಿ. ಓದುವ 15 ನಿಮಿಷದಲ್ಲಿ ಚಿತ್ರದ ಪ್ರಶ್ನೆಗಳನ್ನು ಹುಡುಕಿ, ಯಾವ ಯಾವ ಭಾಗ ಗುರುತಿಸಲು ಹೇಳಿದ್ದಾರೆ ಎಂದು ನೋಡಿಕೊಳ್ಳಿ. ಎರಡು ಭಾಗ ಕೇಳಿದ್ದರೆ ಆ ಎರಡನ್ನು ತಪ್ಪಿಲ್ಲದೆ ಗುರುತಿಸಿ. ಕೇಳದ ಹತ್ತು ಹೆಸರಿಗೆ ಅಂಕವಿಲ್ಲ, ಸಮಯ ಮಾತ್ರ ಹೋಗುತ್ತದೆ. ಗುರುತಿನ ಗೆರೆ ಸ್ಕೇಲಿನಿಂದ, ಬಾಣದ ತುದಿಯಿಲ್ಲದೆ, ಒಂದನ್ನೊಂದು ದಾಟದಂತೆ, ಭಾಗಕ್ಕೆ ತಾಗಿ ನಿಲ್ಲಬೇಕು. ಗಾಳಿಯಲ್ಲಿ ನಿಂತ ಗೆರೆ ಹೃತ್ಕರ್ಣವೋ ಹೃತ್ಕುಕ್ಷಿಯೋ ಮೌಲ್ಯಮಾಪಕರಿಗೆ ಹೇಗೆ ತಿಳಿಯಬೇಕು? ಬಣ್ಣ, ಶೇಡಿಂಗ್ ಬೇಡ.

ಎರಡು ಅಂಕಕ್ಕೆ ಕನಿಷ್ಠ ಎರಡು ಬಿಡಿ ಅಂಶ, ಮೂರಕ್ಕೆ ಮೂರು, ಪ್ರತಿಯೊಂದೂ ಹೊಸ ಸಾಲಿನಲ್ಲಿ. ‘ಏಕೆ’ ಎಂದು ಕೇಳಿದ್ದರೆ ವಾಕ್ಯದಲ್ಲಿ ‘ಆದ್ದರಿಂದ’ ಅಥವಾ ‘ಏಕೆಂದರೆ’ ಬಂದಿದೆಯೇ ನೋಡಿ, ಬರದಿದ್ದರೆ ನೀವು ಬರೆದದ್ದು ವರ್ಣನೆ, ಕಾರಣವಲ್ಲ. ಕನ್ನಡ ಮಾಧ್ಯಮದವರು ಪಠ್ಯಪುಸ್ತಕದ ಪದವನ್ನೇ ಬಳಸಿ. ಟ್ಯೂಷನ್‌ನಲ್ಲಿ ಕೇಳಿದ ಇಂಗ್ಲಿಷ್ ಪದವೇ ನೆನಪಿಗೆ ಬಂದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆಯಿರಿ, ಖಾಲಿ ಬಿಡಬೇಡಿ.

ಹಿಂದಿನ ಸಂಜೆ ಹೊಸ ಪಾಠ ಯಾವುದನ್ನೂ ತೆರೆಯಬೇಡಿ. ಹಳೆಯ ಹಾಳೆಗಳ ಕೆಂಪು ಸಾಲುಗಳನ್ನು ಮಾತ್ರ ಓದಿ, ಹೃದಯ, ನೆಫ್ರಾನ್ (ಮೂತ್ರಪಿಂಡದ ಸೋಸುವ ಘಟಕ), ನರಕೋಶ, ಹೂವಿನ ನೀಳಛೇದ ಈ ನಾಲ್ಕು ಚಿತ್ರವನ್ನು ಒಂದೊಂದು ಸಲ ಬರೆದು, ಎರಡು ಪೆನ್ಸಿಲ್ ಚೂಪು ಮಾಡಿ ಪ್ರವೇಶಪತ್ರದ ಜೊತೆ ಇಟ್ಟುಕೊಳ್ಳಿ.